ಓಡುವ ಮಕ್ಕಳು ಮೂರು ವರ್ಷದ ಅತಿಥಿಗಳು

ಓದುಗರ ಪ್ರಶ್ನೆಗಳಿಗೆ ಧಾರವಾಡದ ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರ ಉತ್ತರ

ಪ್ರಶ್ನೆ: ನನ್ನ ತಮ್ಮ ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಮುಗಿಸಿದ್ದಾನೆ. ಯಾವುದಾದರೂ ಕಾಲೇಜು ಸೇರಿ, ಟ್ರ್ಯಾಕ್ ಮತ್ತು ಗುಡ್ಡಗಾಡು ಓಟದ ತರಬೇತಿಯಲ್ಲೇ ಜೀವಮಾನ ಕಳೆಯುತ್ತೇನೆ ಎನ್ನುತ್ತಾನೆ. ಅಮೆರಿಕದ ಕೋಚ್ ಒಬ್ಬರು ಒಂದೇ ವಿಶ್ವವಿದ್ಯಾಲಯದಲ್ಲಿದ್ದುಕೊಂಡು 40 ರಾಷ್ಟ್ರೀಯ ಪ್ರಶಸ್ತಿ ಗಳಿಸಿದ ಕಥೆ ಹೇಳುತ್ತಾನೆ. ಅಪ್ಪನಿಗೆ ಇದು ಹಿಡಿಸಿಲ್ಲ. "ಪಿ.ಟಿ. ಮಾಸ್ತರಿಕಿಯೊಳಗ ಏನದ?" ಎಂದು ಕೇಳುತ್ತಾರೆ. ತಾವೇನು ಹೇಳುತ್ತೀರಿ?
— ಓದುಗಿ, ಕುಂದಗೋಳ

ಉತ್ತರ: ನಿಮ್ಮ ತಮ್ಮ ಹೇಳುತ್ತಿರುವುದು ಜಾನ್ ಮೆಕ್‌ಡೊನೆಲ್ ಅವರ ವಿಷಯವಿರಬೇಕು. ಐರ್ಲೆಂಡಿನಲ್ಲಿ ಹುಟ್ಟಿದ ಅವರು 1972ರಲ್ಲಿ ಅರ್ಕನ್ಸಾ ವಿಶ್ವವಿದ್ಯಾಲಯಕ್ಕೆ ಗುಡ್ಡಗಾಡು ಓಟದ ಕೋಚ್ ಆಗಿ ಬಂದು, 2008ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿಯೇ ಉಳಿದರು. ಅವರ ತಂಡದ 40 ರಾಷ್ಟ್ರೀಯ ಪ್ರಶಸ್ತಿಗಳಲ್ಲಿ 11 ಗುಡ್ಡಗಾಡು ಓಟದವು, ಉಳಿದವು ಟ್ರ್ಯಾಕಿನವು. ಆದರೆ ಮೊದಲನೆಯ ಪ್ರಶಸ್ತಿ ಬಂದದ್ದು 1984ರಲ್ಲಿ. ಸೇರಿದ ಮೇಲೆ ಹನ್ನೆರಡು ವರ್ಷ ಅವರು ರಾಷ್ಟ್ರೀಯ ಪ್ರಶಸ್ತಿಯಿಲ್ಲದೆ ಪ್ರತಿ ಬೆಳಗ್ಗೆ ಮೈದಾನಕ್ಕೆ ಹೋಗಿದ್ದಾರೆ. ನಿಮ್ಮ ತಮ್ಮ ಆ ಹನ್ನೆರಡು ವರ್ಷಗಳ ಬಗ್ಗೆ ಯೋಚಿಸಲಿ, ಏಕೆಂದರೆ ಅವನ ಪಾಲಿಗೆ ಮೊದಲು ಬರುವುದು ಅವೇ.

ಹಾದಿಯ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಿ.ಪಿ.ಎಡ್. ಇದಕ್ಕೆ ಸಾಲದು. ಕಾಲೇಜಿನಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ವೇತನದ ಹುದ್ದೆಗೆ ಎಂ.ಪಿ.ಎಡ್.ನಲ್ಲಿ ಶೇ. 55 ಅಂಕ, ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಇಲ್ಲವೇ ಪಿಎಚ್.ಡಿ., ಆಟಗಾರನಾಗಿದ್ದ ದಾಖಲೆ ಎಲ್ಲವೂ ಬೇಕು. ದೇಹದಾರ್ಢ್ಯ ಪರೀಕ್ಷೆಯೂ ಉಂಟು: 30 ವರ್ಷದೊಳಗಿನ ಪುರುಷ ಅಭ್ಯರ್ಥಿ 12 ನಿಮಿಷದಲ್ಲಿ 1,800 ಮೀಟರ್ ಕ್ರಮಿಸಬೇಕು. ಓಟವನ್ನೇ ವಿಶೇಷವಾಗಿ ಕಲಿಸುವ ಆಸೆಯಿದ್ದರೆ 1961ರಲ್ಲಿ ಆರಂಭವಾದ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾ ಮಾಡುವುದು ಒಳ್ಳೆಯದು. ಕಾಯಂ ಹುದ್ದೆ ಬೇಗ ಸಿಗುವುದಿಲ್ಲ. ಅತಿಥಿ ಉಪನ್ಯಾಸಕರಂತೆ ಕೆಲವು ವರ್ಷ ಕಡಿಮೆ ಸಂಬಳದಲ್ಲಿ ದುಡಿಯಬೇಕಾದೀತು. ತಂದೆಯವರ ಆತಂಕ ಈ ಮಟ್ಟಿಗೆ ನ್ಯಾಯವಾದದ್ದು, ಅದನ್ನು ತಮ್ಮ ಹಗುರವಾಗಿ ತೆಗೆದುಕೊಳ್ಳಬಾರದು.

ಇನ್ನು "ಏನದ?" ಎಂಬ ಪ್ರಶ್ನೆಗೆ ಬರುತ್ತೇನೆ. ಕಾಲೇಜಿನ ತರಬೇತುದಾರನ ಕೈಗೆ ಒಬ್ಬ ಓಟಗಾರ ಸಿಗುವುದು ಮೂರೇ ವರ್ಷ. ಪಿ.ಟಿ. ಉಷಾ ಅವರ ಗುರು ಒ.ಎಂ. ನಂಬಿಯಾರ್ ಅವರು ಉಷಾ ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಹತ್ತು ವರ್ಷಕ್ಕೂ ಮಿಕ್ಕಿ ಜೊತೆಗಿದ್ದರು. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದ ವರ್ಷವೇ ಅದು ಅವರಿಗೆ ಸಂದಿತು. ನಮಗೆ ಆ ಭಾಗ್ಯವಿಲ್ಲ. ಬಿ.ಎ. ಮೊದಲ ವರ್ಷಕ್ಕೆ ಬರುವ ಹುಡುಗ ಅಲ್ಲಿಯವರೆಗೆ ಹೊಲದ ಬದುವಿನ ಮೇಲೆ, ಬರಿಗಾಲಲ್ಲಿ, ಯಾರೂ ಹೇಳಿಕೊಡದೆ ಓಡಿರುತ್ತಾನೆ. ಅವನ ಕಾಲಿನ ಗುಣ ನಮಗೆ ತಿಳಿಯುವ ಹೊತ್ತಿಗೆ ಒಂದು ವರ್ಷ ಕಳೆದಿರುತ್ತದೆ. ಮೂರನೆಯ ವರ್ಷ ಪರೀಕ್ಷೆಯ ಚಿಂತೆ, ಮನೆಯ ಚಿಂತೆ, ನೌಕರಿಯ ಚಿಂತೆ ಸೇರಿಕೊಳ್ಳುತ್ತವೆ. ನಡುವಿನ ಆ ಒಂದು ವರ್ಷದಲ್ಲಿ ಪದಕ ಹಿಂಡಿ ತೆಗೆಯುವ ಆಸೆ ಎಲ್ಲ ತರಬೇತುದಾರರಿಗೂ ಆಗುತ್ತದೆ. ನನಗೂ ಆಗಿತ್ತು. ಆ ಆಸೆಯನ್ನು ಹತ್ತಿಕ್ಕಿ, ಕಾಲೇಜು ಬಿಟ್ಟ ಮೇಲೂ ಓಡುವಂಥ ಕಾಲು, ಓಡುವಂಥ ಮನಸ್ಸು ಉಳಿಸಿ ಕಳಿಸುವುದೇ ನಮ್ಮ ವೃತ್ತಿ ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ನನ್ನ ಕಾಲೇಜಿನಲ್ಲಿ 400 ಮೀಟರ್ ಟ್ರ್ಯಾಕ್ ಇರಲಿಲ್ಲ. ಇದ್ದ ಜಾಗದಲ್ಲಿ ಸುಣ್ಣ ಹಾಕಿ 200 ಮೀಟರಿನ ಸುತ್ತು ಮಾಡಿಕೊಂಡಿದ್ದೆವು. 5,000 ಮೀಟರಿಗೆ ಅದರಲ್ಲಿ 25 ಸುತ್ತು ಆಗುತ್ತದೆ, ಓಡುವವನಿಗೆ ಲೆಕ್ಕ ತಪ್ಪುವುದು ಸಹಜ. ಹೀಗಾಗಿ ಎಡಗಿಸೆಯಲ್ಲಿ 25 ಹುಣಸೆ ಬೀಜ ಇಟ್ಟುಕೊಂಡು, ಹುಡುಗ ಎದುರಿನಿಂದ ಹಾಯ್ದಾಗಲೆಲ್ಲ ಒಂದೊಂದನ್ನು ಬಲಗಿಸೆಗೆ ಹಾಕುತ್ತಿದ್ದೆ. ಕೈ ಬೀಜದ ಮೇಲಿದ್ದರೂ ಕಣ್ಣು ಮಾತ್ರ ಅವನ ಭುಜದ ಮೇಲಿರುತ್ತಿತ್ತು. ದಣಿವು ಮೊದಲು ಕಾಣುವುದು ಕಾಲಿನಲ್ಲಲ್ಲ. ಭುಜ ಕಿವಿಯ ಕಡೆಗೆ ಏರುತ್ತದೆ, ಮುಷ್ಟಿ ಬಿಗಿಯುತ್ತದೆ, ಆಮೇಲೆ ಹೆಜ್ಜೆ ಕಿರಿದಾಗುತ್ತದೆ. ಹದಿನಾರನೆಯ ಬೀಜಕ್ಕೆ ಭುಜ ಏರುತ್ತಿದ್ದ ಹುಡುಗನ ಭುಜ ಮುಂದಿನ ವರ್ಷ ಇಪ್ಪತ್ತೊಂದನೆಯ ಬೀಜಕ್ಕೆ ಏರಿದರೆ, ಅವನಿಗೆ ಪದಕ ಬರಲಿ ಬಿಡಲಿ, ಆ ದಿನ ನನಗೆ ಹೊಟ್ಟೆ ತುಂಬಿದಂತೆ ಆಗುತ್ತಿತ್ತು.

ನಮ್ಮ ಊರಿನ ನೆಲವೂ ದೊಡ್ಡ ಮಾಸ್ತರ. ಧಾರವಾಡದ ಪಡುವಣಕ್ಕೆ ಹೋದರೆ ಕೆಮ್ಮಣ್ಣಿನ ಏರಿಳಿತ, ಮೂಡಣಕ್ಕೆ ಹೊರಳಿದರೆ ನವಲಗುಂದದವರೆಗೂ ಎರೆ ಹೊಲದ ಸಪಾಟು. ಮಳೆಗಾಲದಲ್ಲಿ ಎರೆಮಣ್ಣಿಗೆ ಇಳಿದರೆ ಬೂಟಿನ ತಳಕ್ಕೆ ಮಣ್ಣು ಮೆತ್ತಿಕೊಂಡು ಕಾಲು ಎತ್ತಲಾಗುವುದಿಲ್ಲ. ಆಗ ಕೆಲಗೇರಿಯ ಕಡೆಗೂ ವಿಶ್ವವಿದ್ಯಾಲಯದ ಗುಡ್ಡದ ಕಡೆಗೂ ಮಕ್ಕಳನ್ನು ಕರೆದೊಯ್ಯುತ್ತಿದ್ದೆ. ಯಾವ ಏರಿನಲ್ಲಿ ಯಾರನ್ನು ತಡೆಯಬೇಕು, ಯಾವ ಇಳಿಜಾರಿನಲ್ಲಿ ಯಾರ ಮೊಣಕಾಲು ನೋಯುತ್ತದೆ ಎಂಬುದು ಒಂದೇ ಊರಿನಲ್ಲಿ ಇಪ್ಪತ್ತು ಮಳೆಗಾಲ ಕಳೆದವನಿಗೆ ತಿಳಿಯುವಷ್ಟು ಬೇರೆಯವರಿಗೆ ತಿಳಿಯಲಾರದು.

ತಮ್ಮನಿಗೆ ಇನ್ನೊಂದು ವಿಷಯವೂ ಗೊತ್ತಿರಲಿ. ಓಟ ಕಲಿಸುವುದು ಬೆಳಗ್ಗೆ ಐದೂವರೆಯಿಂದ ಎಂಟರವರೆಗೆ ಮಾತ್ರ. ಆ ನಂತರ ಖೋ-ಖೋ ತಂಡದ ಆಯ್ಕೆ, ಸಾಮಗ್ರಿ ಖರೀದಿಯ ಕೊಟೇಶನ್, ಪ್ರವಾಸ ಭತ್ಯೆಯ ಬಿಲ್ಲು, ಆಗಸ್ಟ್ ಹದಿನೈದರ ಪಥಸಂಚಲನ ಎಲ್ಲವೂ ಅವನ ತಲೆಯ ಮೇಲೆಯೇ ಬೀಳುತ್ತವೆ. ಇದನ್ನೆಲ್ಲ ಮಾಡಿಯೂ ಮರುದಿನ ನಸುಕಿನಲ್ಲಿ ಏಳಲು ಅವನಿಗೆ ಮನಸ್ಸಾಗುವಂತಿದ್ದರೆ, ತಂದೆಯವರನ್ನು ಒಪ್ಪಿಸುವ ಹೊಣೆಯನ್ನು ತಾವು ಹೊರಬಹುದು.

ಪ್ರಶ್ನೆ: ನನ್ನ ಮಗಳು ಪದವಿ ಮೊದಲ ವರ್ಷದಲ್ಲಿದ್ದಾಳೆ. ಪಿಯುಸಿಯಲ್ಲಿ ಚೆನ್ನಾಗಿ ಓಡುತ್ತಿದ್ದಳು. ಈಗ ದಿನವೂ ಡಾಂಬರು ರಸ್ತೆಯಲ್ಲಿ ಹತ್ತು ಕಿಲೊಮೀಟರ್ ಓಡಿಸುತ್ತಾರೆ. ಎರಡು ತಿಂಗಳಿಂದ ವೇಗ ಕುಸಿದಿದೆ, ಏದುಸಿರು ಬರುತ್ತದೆ. ಸೋಮಾರಿತನ ಎಂದು ಬೈಯುತ್ತಾರಂತೆ. ಓಟ ಬಿಡಿಸಲೇ?
— ತಾಯಿ, ರಾಣೇಬೆನ್ನೂರು

ಉತ್ತರ: ಅಮ್ಮಾ, ಮೊದಲು ರಕ್ತ ಪರೀಕ್ಷೆ ಮಾಡಿಸಿ. ನಿಮ್ಮ ಪತ್ರ ಓದಿ ನನ್ನ ಮನಸ್ಸು ಹಿಂದಕ್ಕೆ ಹೋಯಿತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು 3,000 ಮೀಟರ್ ಓಡುತ್ತಿದ್ದಳು. ವೇಗ ಕಡಿಮೆಯಾದಂತೆ ನಾನು ಅಭ್ಯಾಸ ಹೆಚ್ಚಿಸಿದೆ. "ಸರ್ರ, ಮೆಟ್ಟಲಾ ಏರಿದ್ರೂ ಎದಿ ಡವಡವ ಅಂತೈತ್ರಿ" ಎಂದು ಅವಳು ಹೇಳಿದ ಮಾತನ್ನು ನೆಪವೆಂದು ತಿಳಿದೆ. ಒಂದು ಬೆಳಗ್ಗೆ ಸುತ್ತಿನ ನಡುವೆ ಕುಸಿದು ಕುಳಿತಳು. ವೈದ್ಯರು ಅವಳ ಕೆಳಗಿನ ರೆಪ್ಪೆ ಜಗ್ಗಿ ತೋರಿಸಿದಾಗ ಅದು ಕಾಗದದಂತೆ ಬೆಳ್ಳಗಿತ್ತು. ಅವಳು ಗುಣವಾದಳು, ಆದರೆ ಮತ್ತೆ ಮೈದಾನಕ್ಕೆ ಬರಲಿಲ್ಲ. ಆ ತಪ್ಪು ನನ್ನದು. ಅಂದಿನಿಂದ ಹೊಸದಾಗಿ ಬಂದ ಪ್ರತಿ ಹುಡುಗಿಗೂ ಓಡಿಸುವುದಕ್ಕೆ ಮುನ್ನ ರಕ್ತ ಪರೀಕ್ಷೆ ಮಾಡಿಸುವುದನ್ನು ನಿಯಮ ಮಾಡಿಕೊಂಡೆ.

ವಯಸ್ಸಿಗೆ ಬಂದ ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಣಿಸುತ್ತದೆ. ಸ್ನಾಯುಗಳಿಗೆ ಆಮ್ಲಜನಕ ಒಯ್ಯುವುದು ಅದೇ ಆದ್ದರಿಂದ ಅದು ಇಳಿದಾಗ ಮೊದಲು ಏಟು ಬೀಳುವುದು ದೂರದ ಓಟದ ಮೇಲೆ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಕೂಡ ನೋಡಲು ವೈದ್ಯರಿಗೆ ಹೇಳಿ, ಏಕೆಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಕರಗುತ್ತಿರುವುದು ಅದರಲ್ಲಿ ಮೊದಲೇ ಕಾಣುತ್ತದೆ. ಮುಟ್ಟು ಕ್ರಮವಾಗಿ ಬರುತ್ತಿದೆಯೇ ಎಂದು ನೀವೇ ಕೇಳಿ. ಅದು ನಿಂತಿದ್ದರೆ ಓಟಕ್ಕೆ ತಕ್ಕಷ್ಟು ಊಟ ಆಗುತ್ತಿಲ್ಲ ಎಂಬ ಸೂಚನೆ ಇರಬಹುದು, ಮೂಳೆ ಬಿರಿಯುವ ಅಪಾಯವೂ ಅದರ ಬೆನ್ನಿಗೇ ಇರುತ್ತದೆ. ರೊಟ್ಟಿಯ ಜೊತೆ ಕಾಳಿನ ಪಲ್ಯ, ಸೊಪ್ಪು ಇರಲಿ, ಮೇಲೆ ಲಿಂಬೆ ಹಿಂಡಿಕೊಳ್ಳಲಿ. ಉಂಡ ಕೂಡಲೇ ಚಹಾ ಬೇಡ, ಅದು ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತದೆ. ಗುಳಿಗೆಯನ್ನು ಮಾತ್ರ ವೈದ್ಯರು ಹೇಳದೆ ಕೊಡಬೇಡಿ.

ದಿನವೂ ಒಂದೇ ದೂರ, ಒಂದೇ ವೇಗ, ಅದೂ ಡಾಂಬರಿನ ಮೇಲೆ ಎಂಬ ಕ್ರಮವನ್ನು ನಾನು ಒಪ್ಪುವುದಿಲ್ಲ. ಗಟ್ಟಿ ಅಭ್ಯಾಸದ ಮರುದಿನ ಹಗುರ ಓಟವಿರಬೇಕು, ವಾರಕ್ಕೊಂದು ದಿನ ಪೂರ್ತಿ ಬಿಡುವಿರಬೇಕು, ಸಾಧ್ಯವಾದಷ್ಟೂ ಮಣ್ಣಿನ ಮೇಲೆ ಓಡಬೇಕು. ವೈದ್ಯರ ಚೀಟಿ ಹಿಡಿದುಕೊಂಡು ತರಬೇತುದಾರರನ್ನು ಖುದ್ದಾಗಿ ಕಂಡು ಮಾತಾಡಿ. ಬಹಳ ಮಂದಿ ತಿಳಿಯದೆ ಬೈಯುತ್ತಾರೆ, ತಿಳಿದರೆ ತಿದ್ದಿಕೊಳ್ಳುತ್ತಾರೆ. ಓಟ ಬಿಡಿಸುವ ಯೋಚನೆ ಈಗಲೇ ಬೇಡ.

ಪ್ರಶ್ನೆ: ಅಂತರ ಕಾಲೇಜು ಗುಡ್ಡಗಾಡು ಓಟದಲ್ಲಿ ನಮ್ಮ ಹುಡುಗ ಮೊದಲು ಬಂದ. ಆದರೂ ತಂಡ ಪ್ರಶಸ್ತಿ ಬೇರೆ ಕಾಲೇಜಿಗೆ ಹೋಯಿತು. ಇದು ಅನ್ಯಾಯವಲ್ಲವೇ?
— ವಿದ್ಯಾರ್ಥಿ, ಗದಗ

ಉತ್ತರ: ಅಲ್ಲ. ತಂಡದ ಓಟಗಾರರು ಬಂದ ಸ್ಥಾನಗಳನ್ನೇ ಅಂಕವೆಂದು ಕೂಡಿಸುತ್ತಾರೆ, ಮೊತ್ತ ಕಡಿಮೆ ಇದ್ದವರು ಗೆಲ್ಲುತ್ತಾರೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆರು ಜನ ಓಡಿದರೆ ಮೊದಲ ನಾಲ್ವರ ಸ್ಥಾನ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಕಾಲೇಜುಗಳಲ್ಲಿ ಏಳು ಜನರಲ್ಲಿ ಐವರದು. ನಾಲ್ವರ ಲೆಕ್ಕದಲ್ಲಿ ನಿಮ್ಮವರು 1, 19, 24, 30ನೇ ಸ್ಥಾನದಲ್ಲಿ ಬಂದರೆ 74 ಆಗುತ್ತದೆ; 6, 8, 9, 12ನೇ ಸ್ಥಾನದಲ್ಲಿ ಬಂದವರದು 35 ಮಾತ್ರ. ಕೊಲೊರಾಡೊದ ಆಡಮ್ಸ್ ಸ್ಟೇಟ್ ಕಾಲೇಜಿನಲ್ಲಿ ದಶಕಗಳ ಕಾಲ ತರಬೇತಿ ಕೊಟ್ಟ ಜೋ ವಿಜಿಲ್ ಅವರ ತಂಡ 1992ರಲ್ಲಿ ಎರಡನೆಯ ವಿಭಾಗದ ರಾಷ್ಟ್ರೀಯ ಕೂಟದಲ್ಲಿ ಮೊದಲ ಐದೂ ಸ್ಥಾನ ಪಡೆದು 15 ಅಂಕದಲ್ಲಿ ಗೆದ್ದಿತು, ಅದಕ್ಕಿಂತ ಕಡಿಮೆ ಅಂಕ ಸಾಧ್ಯವೇ ಇಲ್ಲ. ನಿಮ್ಮ ಕಾಲೇಜಿನ ನಾಲ್ಕನೆಯವನು ಯಾರು, ಅವನ ಜೊತೆ ಬೆಳಗ್ಗೆ ಯಾರು ಓಡುತ್ತಾರೆ ಎಂಬುದನ್ನು ನೋಡಿ.

ಪ್ರಶ್ನೆ: ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಕಾಲೇಜಿನ ಓಟಗಾರರನ್ನು ತಯಾರು ಮಾಡಿದ ಸರ್ ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಾರೆ. ಹಳೆಯ ವಿದ್ಯಾರ್ಥಿಗಳು ಸೇರಿ ಅವರಿಗೆ ಏನು ಕೊಟ್ಟರೆ ಒಳ್ಳೆಯದು?
— ನೈಋತ್ಯ ರೈಲ್ವೆ ನೌಕರ, ಹುಬ್ಬಳ್ಳಿ

ಉತ್ತರ: ಶಾಲು, ಹಾರ, ಫಲಕ ಕೊಡಿ, ಅದು ನಮ್ಮ ಪದ್ಧತಿ. ಆದರೆ ಸಮಾರಂಭಕ್ಕೆ ಎರಡು ತಿಂಗಳು ಮೊದಲೇ ಅವರ ಮನೆಗೆ ಹೋಗಿ ಹಳೆಯ ನೋಟ್‌ಬುಕ್ಕುಗಳನ್ನು ಕೇಳಿ. ಪ್ರತಿ ತರಬೇತುದಾರನ ಮನೆಯ ಅಟ್ಟದ ಮೇಲೆ ಅವು ಇದ್ದೇ ಇರುತ್ತವೆ: ದಿನಾಂಕ, ಸುತ್ತಿನ ಸಮಯ, ಮಳೆ ಬಂದಿತ್ತೋ ಇಲ್ಲವೋ, ಯಾರ ಮೀನಖಂಡ ಹಿಡಿದಿತ್ತು, ಯಾರು ಉಪವಾಸ ಬಂದಿದ್ದರು. ನಾನು ನಿವೃತ್ತನಾದ ವರ್ಷ ಕೊಠಡಿ ಖಾಲಿ ಮಾಡುವ ಗಡಿಬಿಡಿಯಲ್ಲಿ ನನ್ನ ಹನ್ನೊಂದು ನೋಟ್‌ಬುಕ್ಕು ರದ್ದಿಗೆ ಹೋದವು. ಅದರ ನೋವು ಇನ್ನೂ ಆರಿಲ್ಲ.

ನಿಮ್ಮಲ್ಲಿ ಯೂನಿವರ್ಸಿಟಿ ಬ್ಲೂ ಆದವರನ್ನಷ್ಟೇ, ಅಂದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದವರನ್ನಷ್ಟೇ, ಕರೆಯಬೇಡಿ. ಯಾವ ಕೂಟದಲ್ಲೂ ಗೆಲ್ಲದೆ ಮೂರು ವರ್ಷ ತಪ್ಪದೆ ಬಂದವರನ್ನು ಹುಡುಕಿ ಕರೆಯಿರಿ. ಅವರ ಹೆಸರು ಸರ್ ಅವರಿಗೆ ನಿಮಗಿಂತ ಚೆನ್ನಾಗಿ ನೆನಪಿರುತ್ತದೆ. ಎಲ್ಲರೂ ಕೂಡಿ ಆ ನೋಟ್‌ಬುಕ್ಕುಗಳನ್ನು ಟೈಪು ಮಾಡಿಸಿ, ಒಬ್ಬೊಬ್ಬ ಓಟಗಾರನ ಊರು, ಸೇರಿದ ವರ್ಷ, ಈಗಿನ ಉದ್ಯೋಗ ಸೇರಿಸಿ, ಗಟ್ಟಿ ರಟ್ಟು ಹಾಕಿಸಿ ಮೂರು ಪ್ರತಿ ಮಾಡಿ. ಒಂದು ಸರ್ ಅವರಿಗೆ, ಒಂದು ಕಾಲೇಜಿನ ಗ್ರಂಥಾಲಯಕ್ಕೆ. ಮೂರನೆಯದನ್ನು ಅವರ ಜಾಗಕ್ಕೆ ಬರುವ ನಿರ್ದೇಶಕರ ಕೈಗೆ ಕೊಡಿ. ಹೊಸ ಪ್ರವೇಶದ ಮಕ್ಕಳು ಮೈದಾನಕ್ಕೆ ಬಂದ ಮೊದಲ ವಾರದಲ್ಲೇ ಅವರಿಗೆ ಅದು ಬೇಕಾಗುತ್ತದೆ.