ನಮ್ಮ ಹೈಸ್ಕೂಲಿಗೆ 50 ವರ್ಷ: ಕಮಾನು ಕಟ್ಟಿಸೋದಾ, ಸ್ಮಾರ್ಟ್ ಕ್ಲಾಸ್ ಮಾಡಿಸೋದಾ?

ಹಳೆ ವಿದ್ಯಾರ್ಥಿಗಳ ಹತ್ತಿರ ಆರು ಲಕ್ಷ ಸೇರಿದೆ, ಯಾವುದಕ್ಕೆ ಹಾಕೋಣ ಅಂತ ಕೇಳಿದ್ದೀರಿ. 2018ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದವನು.

ನಮ್ಮದು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. ಸುವರ್ಣ ಮಹೋತ್ಸವಕ್ಕೆ ಅಂತ ಬೆಂಗಳೂರಿನಲ್ಲಿದ್ದ ನಾವು ಒಂಬತ್ತು ಮಂದಿ ಸಮಿತಿ ಮಾಡಿಕೊಂಡೆವು. ನಾನು ಕಾರ್ಯದರ್ಶಿ. ದುಡ್ಡು ಚೆನ್ನಾಗಿಯೇ ಸೇರಿತು. ಬಯಲು ರಂಗಮಂದಿರಕ್ಕೆ ಶೀಟು ಹಾಕಿಸಿದೆವು, ಹತ್ತು ಕಂಪ್ಯೂಟರ್ ಕೊಟ್ಟೆವು, ಸ್ಮರಣ ಸಂಚಿಕೆ ತಂದೆವು, ಗುರುವಂದನೆ ಮಾಡಿದೆವು.

ತಪ್ಪಾಗಿದ್ದು ಪಟ್ಟಿಯಲ್ಲಿ. ಆಮಂತ್ರಣದ ಪಟ್ಟಿ ಮಾಡುವ ಕೆಲಸ ನನ್ನದು. ಹೊಸ ಬ್ಯಾಚುಗಳಿಗೆ ವಾಟ್ಸಾಪ್ ಗುಂಪುಗಳಿದ್ದವು, ನಂಬರ್ ಸಿಕ್ಕಿತು. ಹಳೆಯ ಬ್ಯಾಚುಗಳಿಗೆ ಆಫೀಸಿನಲ್ಲಿದ್ದ ಎಸ್ಸೆಸ್ಸೆಲ್ಸಿ ಫಲಿತಾಂಶದ ಕಡತ ಹಿಡಿದು ಕೂತೆ. ಪಾಸಾದವರ ಹೆಸರು ಬರೆದುಕೊಂಡೆ. ಫೇಲಾದವರ ಹೆಸರಿನ ಮುಂದೆ ಕೆಂಪು ಶಾಯಿಯ ಗುರುತಿತ್ತು, ಅವನ್ನು ಬಿಟ್ಟು ಮುಂದಿನ ಸಾಲಿಗೆ ಹೋದೆ. ಎಂಟಕ್ಕೆ ಸೇರಿ ಹತ್ತಕ್ಕೆ ಬಾರದವರ ಹೆಸರು ಆ ಕಡತದಲ್ಲಿ ಇರಲೇ ಇಲ್ಲ. ಮೂರು ಶನಿವಾರ ಹೀಗೇ ಬರೆದೆ. ತಪ್ಪು ಅಂತ ಒಮ್ಮೆಯೂ ಅನ್ನಿಸಲಿಲ್ಲ. ಹಳೆ ವಿದ್ಯಾರ್ಥಿ ಅಂದರೆ ಪಾಸಾಗಿ ಹೋದವರು ಅಂತಲೇ ತಲೆಯಲ್ಲಿ ಕೂತಿತ್ತು.

ನನ್ನ 1994ರ ಬ್ಯಾಚಿನ ಲೆಕ್ಕ ಹೇಳುತ್ತೇನೆ, ಆಗ ನಿಮಗೆ ಗೊತ್ತಾಗುತ್ತದೆ. ಎಂಟನೇ ಕ್ಲಾಸಿಗೆ ಸೇರಿದವರು 58. ಪರೀಕ್ಷೆಗೆ ಕೂತವರು 44. ಪಾಸಾದವರು 19. ನಾನು ಕರೆದದ್ದು ಆ 19 ಮಂದಿಯನ್ನು. ಅವರಲ್ಲಿ ಈಗ ಊರಿನ ಕಡೆ ಇರುವವರು ಇಬ್ಬರೇ. ಉಳಿದ 39 ಮಂದಿಯಲ್ಲಿ ಇಪ್ಪತ್ತೈದಕ್ಕಿಂತ ಜಾಸ್ತಿ ಜನ ಶಾಲೆಯಿಂದ ಹತ್ತು ಕಿಲೋಮೀಟರ್ ಒಳಗೇ ಇದ್ದಾರೆ. ಗಾರೆ ಕೆಲಸ, ಆಟೋ, ಡೇರಿ, ಜಮೀನು. ಅವರ ಮಕ್ಕಳು ಅದೇ ಶಾಲೆಗೆ ಹೋಗುತ್ತಾರೆ. ಅಂದರೆ ಶಾಲೆಯ ಪಕ್ಕದಲ್ಲಿ ಇರುವವರನ್ನೆಲ್ಲ ಬಿಟ್ಟು, ಊರು ಬಿಟ್ಟು ಹೋದವರನ್ನು ಹುಡುಕಿ ಹುಡುಕಿ ಕರೆದಿದ್ದೆ.

ಕಾರ್ಯಕ್ರಮದ ದಿನ ಊಟಕ್ಕೆ ಕೂತಾಗ ಪಾಯಸ ಬಡಿಸಲು ಬಂದವಳು ನನ್ನ ಜೊತೆ ಓದಿದವಳು. ಒಂಬತ್ತರಲ್ಲಿದ್ದಾಗ ಮನೆಯವರು ಮದುವೆ ಮಾಡಿದ್ದರು. 2007ರಲ್ಲಿ ಬಿಸಿಯೂಟ ಹೈಸ್ಕೂಲಿಗೂ ಬಂದಾಗಿನಿಂದ ಅಲ್ಲೇ ಅಡುಗೆಗಿದ್ದಾಳೆ. 'ನಾನೂ ಇಲ್ಲೇ ಓದಿದ್ದಲ್ವೇನಪ್ಪಾ, ಒಂದು ಕಾರ್ಡು ಕೊಡಬಾರದಿತ್ತಾ?' ಅಂದಳು. ನನಗೆ ಪಾಯಸ ಇಳಿಯಲಿಲ್ಲ. ಆದರೂ ಅವತ್ತು ಅದನ್ನು ಒಬ್ಬಳ ಬೇಸರ ಅಂತಷ್ಟೇ ತಿಳಿದುಕೊಂಡೆ.

ಅರ್ಥವಾಗಿದ್ದು 2020ರಲ್ಲಿ. ಲಾಕ್‌ಡೌನ್‌ನಲ್ಲಿ ನಾನು ಊರಿನಲ್ಲಿದ್ದೆ. ಶಾಲೆ ಮುಚ್ಚಿತ್ತು. ಆಗಸ್ಟ್‌ನಲ್ಲಿ, ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾಗಿ ಮೇಷ್ಟ್ರುಗಳೇ ಹಳ್ಳಿಗೆ ಬಂದರು. ಅವರಿಗೆ ಜಗಲಿ ಗುಡಿಸಿಕೊಟ್ಟವನು ನನ್ನ ಪಟ್ಟಿಯಲ್ಲಿ ಇಲ್ಲದ ಗಾರೆಯವನು. ಗೋಡೆಗೆ ಕಪ್ಪು ಬಣ್ಣ ಬಳಿದು ಬೋರ್ಡು ಮಾಡಿದ್ದೂ ಅವನೇ. ಮನೆ ಮನೆಗೆ ಹೋಗಿ ಮಕ್ಕಳನ್ನು ಎಬ್ಬಿಸಿಕೊಂಡು ಬರುತ್ತಿದ್ದವಳು ಪಾಯಸ ಬಡಿಸಿದವಳು. ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ವಿದ್ಯಾಗಮ ನಿಲ್ಲಿಸಿದರು. ನಾವು ಕೊಟ್ಟ ಹತ್ತು ಕಂಪ್ಯೂಟರ್ ಬೀಗದ ಒಳಗೇ ಇದ್ದವು.

ಶಾಲೆ ಮತ್ತೆ ತೆರೆದ ಮೇಲೆ ಸಂಜೆ ಓದು ಶುರುಮಾಡೋಣ ಅಂತ ಹೊರಟೆ. ಸಮಿತಿಯವರಿಗೆ ಫೋನ್ ಮಾಡಿದರೆ ಎಲ್ಲರೂ ದುಡ್ಡು ಕಳಿಸುತ್ತೇವೆ ಅಂದರು, ದಿನಾ ಸಂಜೆ ಬಂದು ಕೂರಲು ಯಾರಿಗಾಗುತ್ತದೆ? ಗಾರೆಯವನನ್ನು ಕೇಳಿದೆ. 'ನಾವು ಫೇಲಾದೋರು ಕಣಪ್ಪ, ಸ್ಕೂಲಿಗೆ ಬಂದು ನಾವೇನು ಹೇಳಿಕೊಡೋದು' ಅಂದ. ಜಗಲಿಯಲ್ಲಿ ಅಷ್ಟೆಲ್ಲ ಮಾಡಿದವನು ಶಾಲೆಯ ಕಾಂಪೌಂಡ್ ಒಳಗೆ ಬರಲು ಒಪ್ಪಲಿಲ್ಲ. 'ನೀನು ಈ ಶಾಲೆಯವನಲ್ಲ' ಅಂತ ನನ್ನ ಪಟ್ಟಿಯೇ ಅವನಿಗೆ ಹೇಳಿತ್ತಲ್ಲ! ಅವನನ್ನು ಒಳಗೆ ಕರೆತರಲು ಎರಡು ವರ್ಷ ಬೇಕಾಯಿತು. ಆ ಎರಡು ವರ್ಷದಲ್ಲಿ ಹತ್ತನೇ ಕ್ಲಾಸು ದಾಟಿ ಹೋದ ಮಕ್ಕಳಿಗೆ ಸಂಜೆ ಓದು ಸಿಗಲೇ ಇಲ್ಲ.

ಈಗ ನಡೆಯುತ್ತಿದೆ. ದೊಡ್ಡವರು ಪಾಠ ಮಾಡಬೇಕಾಗಿಲ್ಲ. ಬಾಗಿಲು ತೆಗೆಯುತ್ತಾರೆ, ಜೊತೆಗೆ ಕೂರುತ್ತಾರೆ, ಬಾರದ ಮಗುವಿನ ಮನೆಗೆ ಹೋಗಿ ಬರುತ್ತಾರೆ. ಕಂಪ್ಯೂಟರ್‌ಗಳಲ್ಲಿ ನಾಲ್ಕು ರಿಪೇರಿಯಾಗಿ ಓಡುತ್ತಿವೆ. ಎಂಟನೇ ಕ್ಲಾಸಿನವರಿಗೆ ಎನ್‌ಎಂಎಂಎಸ್ ಅನ್ನುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆಗೆ ತಯಾರಿ ಮಾಡಿಸುತ್ತೇವೆ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಬಡವರ ಮನೆಯಲ್ಲಿ ಒಂದು ಹುಡುಗಿಯ ಓದು ನಿಲ್ಲದಿರಲು ಅಷ್ಟು ಸಾಕಾಗುತ್ತದೆ, ಕಣ್ಣಾರೆ ನೋಡಿದ್ದೇನೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಮಾನು ಬೇಡವೇ ಬೇಡ. ಸ್ಮಾರ್ಟ್ ಕ್ಲಾಸೂ ಈಗಲೇ ಬೇಡ, ನೋಡಿಕೊಳ್ಳುವ ಜನ ಇಲ್ಲದಿದ್ದರೆ ಒಂದು ಮಳೆಗಾಲದಲ್ಲಿ ಮೂಲೆ ಸೇರುತ್ತದೆ. ಆರು ಲಕ್ಷವನ್ನು ಠೇವಣಿ ಇಡಿ. ಶೇಕಡ 6.5 ಬಡ್ಡಿ ಸಿಕ್ಕರೆ ವರ್ಷಕ್ಕೆ 39,000 ಬರುತ್ತದೆ. ಸಂಜೆ ಓದಿಗೆ ಧಾರಾಳ ಸಾಕು. ಅದಕ್ಕೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ಮಾಡಿಕೊಳ್ಳಿ. ಕನಿಷ್ಠ ಏಳು ಜನ ಬೇಕು. ಆ ಏಳರಲ್ಲಿ ನಾಲ್ವರಾದರೂ ಊರಿನಲ್ಲೇ ಇರುವವರಾಗಿರಲಿ. ಇದರಲ್ಲಿ ಮಾತ್ರ ರಾಜಿ ಬೇಡ.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ, ಮೊದಲ ಸಲ ಬರೆದ ರೆಗ್ಯುಲರ್ ಮಕ್ಕಳಲ್ಲಿ ರಾಜ್ಯದಲ್ಲಿ ಪಾಸಾದವರು ಶೇಕಡ 66.14. ಅಂದರೆ ಆ ವರ್ಷವೂ ಮೂರರಲ್ಲಿ ಒಂದು ಮಗು ಮೊದಲ ಸಲಕ್ಕೆ ಪಾಸಾಗಲಿಲ್ಲ. ಅವರೂ ನಾಳೆ ನಿಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳೇ ಅಲ್ವಾ?

ದುಡ್ಡಿನ ಮಾತು ಬದಿಗಿಟ್ಟು ಈ ವಾರವೇ ಹೆಡ್‌ಮಾಸ್ಟರ್ ಹತ್ತಿರ ಹೋಗಿ. ಫಲಿತಾಂಶದ ಕಡತ ಬೇಡ, ಅಡ್ಮಿಷನ್ ರಿಜಿಸ್ಟರ್ ನೋಡಲು ಅನುಮತಿ ಕೇಳಿ. ಅದರಲ್ಲಿ ಒಂದೇ ದಿನ ಬಂದು ಬಿಟ್ಟವರ ಹೆಸರೂ ಇರುತ್ತದೆ. ಜಾತಿ, ಹುಟ್ಟಿದ ದಿನ ಎಲ್ಲಾ ಇರುವ ಪುಸ್ತಕ ಅದು, ಫೋಟೋ ಹೊಡೆಯಬೇಡಿ. ಹೆಸರು, ಸೇರಿದ ವರ್ಷ, ಊರು ಇಷ್ಟನ್ನು ಮಾತ್ರ ಬರೆದುಕೊಳ್ಳಿ. ಆಮೇಲೆ ಆ ಕಾಗದ ಹಿಡಿದು ಟೀ ಅಂಗಡಿಯಲ್ಲಿ ಕೂತರೆ ಅರ್ಧ ಜನ ಸಿಗುತ್ತಾರೆ.

ನಾವು ಆ ಕೆಲಸ ಮಾಡಿದ್ದು ಸುವರ್ಣ ಮಹೋತ್ಸವ ಮುಗಿದು ನಾಲ್ಕು ವರ್ಷದ ಮೇಲೆ. ನಮ್ಮ ರಿಜಿಸ್ಟರಿನ ಮೊದಲ ಹೆಸರು, 1968ರ ದಾಖಲಾತಿ ಸಂಖ್ಯೆ 1, ಪಕ್ಕದ ಹಳ್ಳಿಯವರದೇ. ಒಂಬತ್ತನೇ ಕ್ಲಾಸಿಗೆ ಬಿಟ್ಟವರು. ಕಾರ್ಯಕ್ರಮದ ದಿನ ಅವರು ಹೊಲದಲ್ಲಿ ಕೆಲಸ ಮಾಡುತ್ತಿದ್ದರಂತೆ. ಮೈಕಿನ ಸದ್ದು ಅಲ್ಲಿಯವರೆಗೂ ಕೇಳಿಸುತ್ತಿತ್ತಂತೆ.