ಸಂಪಾದಕರ ಉತ್ತರ: ಒಂದು ರಾತ್ರಿಯ ಗುಂಗುರು

ಪ್ರಿಯ ಸೋದರಿ,

ನಿಮ್ಮ ಪತ್ರ ಓದಿದೆ. ಆರು ವರ್ಷದ ಮಗಳಿಗೆ ಶಾಲೆಯ ನಾಟಕದಲ್ಲಿ ಗುಂಗುರು ಕೂದಲಿನ ರಾಜಕುಮಾರಿಯ ಪಾರ್ಟು. ಅವಳದ್ದೋ ನೆಟ್ಟಗೆ ಇಳಿಬಿದ್ದ ಕೂದಲು. ನಿಮ್ಮ ಅಕ್ಕನ ಕರ್ಲಿಂಗ್ ಮೆಷಿನ್ ತಂದಿಟ್ಟುಕೊಂಡಿದ್ದೀರಿ. "ಒದ್ದೆ ಇದ್ದಾಗಲೇ ಸುತ್ತಿದರೆ ಚೆನ್ನಾಗಿ ನಿಲ್ಲುತ್ತೆ ಅಂತಾರೆ, ನಿಜವೇ? ಇಲ್ಲಾಂದ್ರೆ ಪರ್ಮ್ ಮಾಡಿಸಿಬಿಡಲೇ?" ಎಂದು ಕೇಳಿದ್ದೀರಿ.

ಮೊದಲು ಆ ಮೆಷಿನ್ ಅಕ್ಕನಿಗೆ ವಾಪಸ್ ಕೊಟ್ಟುಬಿಡಿ. ಅದರ ಸರಳು ಸಾಮಾನ್ಯವಾಗಿ 150ರಿಂದ 200 ಡಿಗ್ರಿವರೆಗೆ ಕಾಯುತ್ತದೆ. ನೀರು ಕುದಿಯುವುದೇ 100ಕ್ಕೆ. ಒದ್ದೆ ಕೂದಲಿಗೆ ಅದನ್ನು ಹಿಡಿದರೆ ಎಳೆಯೊಳಗಿನ ನೀರು ಆವಿಯಾಗಿ ಗುಳ್ಳೆ ಏಳುತ್ತದೆ. ಆಮೇಲೆ ಕೂದಲು ಅಲ್ಲಲ್ಲೇ ತುಂಡಾಗುತ್ತದೆ. ಕೂದಲಿಗಿಂತ ನನಗೆ ಹೆದರಿಕೆ ಕಿವಿಯದ್ದು. ಯಾರೋ ಕರೆದರೆ ಆರು ವರ್ಷದ ಮಗು ತಿರುಗದೇ ಇರುತ್ತಾ? ಸ್ವಿಚ್ ಆರಿಸಿದ ಮೇಲೂ ಆ ಸರಳು ಎಷ್ಟೋ ಹೊತ್ತು ಸುಡುತ್ತಿರುತ್ತದೆ. ಎಲ್ಲಾದರೂ ತಗುಲಿದರೆ 20 ನಿಮಿಷ ನಲ್ಲಿಯ ತಣ್ಣೀರು ಬಿಡಿ. ಐಸ್, ಟೂತ್‌ಪೇಸ್ಟ್ ಎರಡೂ ಬೇಡ.

ಪರ್ಮ್ ಅಂತೂ ಬೇಡವೇ ಬೇಡ. ಕೂದಲಿನೊಳಗಿನ ಗಂಧಕದ ಬೆಸುಗೆಗಳನ್ನೇ ರಾಸಾಯನಿಕ ಹಾಕಿ ಬಿಡಿಸಿ, ಬೇರೆ ಆಕಾರದಲ್ಲಿ ಮತ್ತೆ ಕೂಡಿಸುವ ಕೆಲಸ ಅದು. ಎಳೆ ನೆತ್ತಿ ಉರಿಯಬಹುದು. ಸಾಕಪ್ಪಾ ಅನ್ನಿಸಿದರೆ ಹೊಸ ಕೂದಲು ಬರುವವರೆಗೆ ಕಾಯಬೇಕು, ಅದೂ ತಿಂಗಳಿಗೆ ಸುಮಾರು 1 ಸೆಂ.ಮೀ. ಲೆಕ್ಕದಲ್ಲಿ! ಒಂದು ಸಂಜೆಯ ನಾಟಕಕ್ಕೆ ಇಷ್ಟೆಲ್ಲ ಯಾಕೆ?

ನಿಮಗೆ ಬೇಕಿರುವುದು ಒಂದು ಹಳೇ ಬನಿಯನ್. ಕೂದಲು ನೆಂದಾಗ ಅದರೊಳಗಿನ ಹೈಡ್ರೋಜನ್ ಬಂಧಗಳು, ಅಂದರೆ ಅದರ ಆಕಾರ ಹಿಡಿದಿಡುವ ಸಣ್ಣ ಕೊಂಡಿಗಳು, ಸಡಿಲವಾಗುತ್ತವೆ. ಒಣಗುವಾಗ ಹೇಗೆ ಮಡಚಿಕೊಂಡಿರುತ್ತದೋ ಆ ಆಕಾರದಲ್ಲೇ ಮತ್ತೆ ಬಿಗಿಯಾಗುತ್ತವೆ. ಜಡೆ ಬಿಚ್ಚಿದಾಗ ಕೂದಲು ಅಲೆ ಅಲೆಯಾಗಿರುತ್ತಲ್ವಾ, ಅದೇ ಸಂಗತಿ.

ಬನಿಯನ್ನನ್ನು ಎರಡು ಬೆರಳು ಅಗಲ, ಒಂದು ಗೇಣು ಉದ್ದದ ಪಟ್ಟಿಗಳಾಗಿ ಕತ್ತರಿಸಿ. ರಾತ್ರಿ ತಲೆ ತೊಳೆದು, ಕೈಗೆ ಸ್ವಲ್ಪ ತಂಪು ತಾಕುವಷ್ಟು ಮಾತ್ರ ತೇವ ಉಳಿಯುವ ತನಕ ಆರಲು ಬಿಡಿ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಕಡೆಯಿಂದ ಸಿಕ್ಕು ಬಿಡಿಸಿ. ಹತ್ತು ಹನ್ನೆರಡು ಪಾಲು ಮಾಡಿ. ಒಂದೊಂದು ಪಾಲಿನ ತುದಿಯನ್ನು ಪಟ್ಟಿಯ ನಡುವೆ ಚಪ್ಪಟೆಯಾಗಿ ಇಟ್ಟು, ಚಾಪೆ ಸುತ್ತಿದ ಹಾಗೆ ಬುಡದವರೆಗೆ ಸುತ್ತಿ ಗಂಟು ಹಾಕಿ. ಜಾಸ್ತಿ ಎಳೆದು ಕಟ್ಟಬೇಡಿ, ಮಗುವಿಗೆ ನಿದ್ದೆ ಬರಲ್ಲ. ಸಣ್ಣ ಪಾಲಾದರೆ ಬಿಗಿ ಸುರುಳಿ, ದಪ್ಪ ಪಾಲಾದರೆ ಸುಮ್ನೆ ಅಲೆ.

ನಾನು ಮಗಳಿಗೆ ಮೊದಲ ಸಲ ಮಾಡಿದಾಗ ನೀರು ತೊಟ್ಟಿಕ್ಕುವ ಕೂದಲಿಗೇ ಕಟ್ಟಿದ್ದೆ. ಬೆಳಿಗ್ಗೆ ಬಿಚ್ಚಿದರೆ ಒಳಗೆಲ್ಲ ಇನ್ನೂ ತೇವ. ಹತ್ತು ನಿಮಿಷದಲ್ಲಿ ಸುರುಳಿ ಎಲ್ಲ ಇಳಿದುಹೋಯಿತು. ತುದಿಯನ್ನೂ ಸರಿಯಾಗಿ ಕೂರಿಸಿರಲಿಲ್ಲ, ಅದು ಮಾತ್ರ ಮೀನಿನ ಗಾಳದ ಹಾಗೆ ಕೊಂಕಿಕೊಂಡಿತ್ತು. ಆ ಫೋಟೊ ತೋರಿಸಿ ಇವತ್ತಿಗೂ ನನ್ನನ್ನು ಆಡಿಕೊಳ್ಳುತ್ತಾಳೆ. ಹಾಗಾಗಿ ಒಂದು ಗಂಟು ಬಿಚ್ಚಿ ಮುಟ್ಟಿ ನೋಡಿ. ತೇವ ಇದ್ದರೆ ಮತ್ತೆ ಕಟ್ಟಿ, ಡ್ರೈಯರ್‌ನ ತಣ್ಣನೆ ಗಾಳಿ ಬಿಡಿ. ಪೂರ್ತಿ ಒಣಗಿದ ಮೇಲೆ ಬಿಚ್ಚಿ, ಬೆರಳಲ್ಲೇ ಬಿಡಿಸಿ. ಬಾಚಣಿಗೆ ಹಾಕಿದಿರೋ, ಸುರುಳಿ ಹೋಗಿ ಪೊದೆಯಾಗುತ್ತದೆ.

ಇನ್ನೊಂದು ಮಾತು. ಬೆವರು, ಮಂಜು, ಮಳೆಹನಿ ತಾಕಿದರೆ ಆ ಬಂಧಗಳು ಮತ್ತೆ ಸಡಿಲವಾಗುತ್ತವೆ. ಅದಕ್ಕೇ ಮನೆಯಲ್ಲಿ ಬಿಚ್ಚಬೇಡಿ. ಪಟ್ಟಿಗಳ ಮೇಲೆ ಸ್ಕಾರ್ಫ್ ಕಟ್ಟಿ ಕರೆದುಕೊಂಡು ಹೋಗಿ, ಮೇಕಪ್ ಮುಗಿದ ಮೇಲೆ ಬಿಚ್ಚಿ. ತಲೆ ತುಂಬ ಗಂಟು ಕಟ್ಟಿಕೊಂಡು ಬರಲು ರಾಜಕುಮಾರಿ ಒಪ್ಪುತ್ತಾಳಾ ಅಂತ ಮಾತ್ರ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

– ಸಂಪಾದಕಿ