ಬೂಷ್ಟು ಅನ್ನಲು ನಾಚಿಕೆ ಯಾಕೆ?

ಪಿಂಪರಿಯ ಗೆಳತಿಗೆ ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಶಿಲೀಂಧ್ರಜನ್ಯ ಸಂಯುಕ್ತಗಳ ಸೂಕ್ಷ್ಮಜೀವಿನಿರೋಧಕ ಗುಣ ಮತ್ತು ಜೈವಿಕ ರೂಪಾಂತರ’ ಲೇಖನ ಓದಿದೆ. ವಿಷಯ ಒಳ್ಳೆಯದು, ಕಾಗುಣಿತ ತಪ್ಪಿಲ್ಲ, ಹೇಳಿದ ದಿನಕ್ಕೆ ಕಳಿಸಿದ್ದೀರಿ. ಹೊಗಳಿಕೆ ಇಷ್ಟೇ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು.

ಈ ಸಾಲು ನೋಡಿ: ‘ಸದರಿ ಸಂಯುಕ್ತವು ಬ್ಯಾಕ್ಟೀರಿಯಾಗಳ ವಿರುದ್ಧ ಗಣನೀಯ ನಿರೋಧಕ ಚಟುವಟಿಕೆಯನ್ನು ಪ್ರದರ್ಶಿಸುತ್ತದೆ.’ ಪ್ರದರ್ಶಿಸೋಕೆ ಅದೇನು ಸರ್ಕಸ್ಸಾ? ನೀವು ದಿನವಿಡೀ ಲ್ಯಾಬಿನಲ್ಲಿ ಇರುವವರು. ಅಗರ್ ಪ್ಲೇಟಿನ, ಅಂದರೆ ಜೆಲ್ಲಿ ತುಂಬಿದ ತಟ್ಟೆಯ, ಮೇಲೆ ಬ್ಯಾಕ್ಟೀರಿಯಾ ಹರಡುತ್ತೀರಿ. ಮದ್ದು ಹೀರಿದ ಕಾಗದದ ಬಿಲ್ಲೆ ಇಡುತ್ತೀರಿ. 37 ಡಿಗ್ರಿಯಲ್ಲಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ತೆಗೆದರೆ ಪ್ಲೇಟೆಲ್ಲ ಮಬ್ಬು, ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಉಂಗುರ, ಮದ್ದು ಬ್ಯಾಕ್ಟೀರಿಯಾವನ್ನು ಬೆಳೆಯಗೊಡದ ಜಾಗ. ಸ್ಕೇಲ್ ಇಟ್ಟು ಎಷ್ಟು ಮಿಲಿಮೀಟರ್ ಅಂತ ಅಳೆಯುತ್ತೀರಿ. ಆ ಉಂಗುರ ಎಲ್ಲಿ ಹೋಯಿತು? ನಾಲ್ಕು ಪುಟ ಹುಡುಕಿದೆ, ಸಿಗಲಿಲ್ಲ. 1928ರಲ್ಲಿ ಲಂಡನ್ನಿನಲ್ಲಿ ಪೆನಿಸಿಲಿನ್ ಪತ್ತೆ ಮಾಡಿದ ಫ್ಲೆಮಿಂಗ್ ಕಂಡದ್ದೂ ಹೆಚ್ಚುಕಮ್ಮಿ ಇದನ್ನೇ. ಪ್ಲೇಟಿಗೆ ಬೂಷ್ಟು ಹಿಡಿದಿತ್ತು, ಅದರ ಹತ್ತಿರದ ಬ್ಯಾಕ್ಟೀರಿಯಾ ಕರಗಿ ಹೋಗಿತ್ತು. ನೀವು ಬರೆದದ್ದು: ‘ಆಕಸ್ಮಿಕ ಕಲುಷಿತಗೊಳ್ಳುವಿಕೆಯ ಪರಿಣಾಮವಾಗಿ.’

ಶಿಲೀಂಧ್ರ ಅನ್ನುವ ಪದ ನಿಮ್ಮ ಲೇಖನದಲ್ಲಿ 31 ಸಲ ಬಂದಿದೆ, ಎಣಿಸಿದ್ದೇನೆ. ಬೂಷ್ಟು ಒಂದು ಸಲವೂ ಇಲ್ಲ. ಮಳೆಗಾಲದಲ್ಲಿ ಕಪಾಟಿನ ಬೆಲ್ಟಿಗೆ, ಉಪ್ಪಿನಕಾಯಿಗೆ ಹಿಡಿಯುತ್ತದಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ?

ನನ್ನ ಕಥೆಯೂ ಇದೇ. ಮುಂಬಯಿಯ ಮಾಟುಂಗಾದ ಹೋಟೆಲಿನಲ್ಲಿ ಹಗಲು ಕೆಲಸ, ಸಂಜೆ ರಾತ್ರಿ ಶಾಲೆ. ಶಾಲೆಯ ಗೋಡೆ ಪತ್ರಿಕೆಗೆ ಇಡ್ಲಿಯ ಬಗ್ಗೆ ಬರೆದೆ: ‘ರುಬ್ಬಿದ ಹಿಟ್ಟು ಹುದುಗುವಿಕೆಗೆ ಒಳಪಡುತ್ತದೆ.’ ಮಾಸ್ತರು ಓದಿ ಕೇಳಿದರು, ‘ಬೆಳಿಗ್ಗೆ ಭಟ್ರು ನಿನ್ನನ್ನು ಏನಂತ ಎಬ್ಬಿಸ್ತಾರೆ?’ ‘ಹಿಟ್ಟು ಉಕ್ಕಿ ಹೊರಗೆ ಬರ್ತಾ ಉಂಟು, ಏಳು ಮಾರಾಯ ಅಂತಾರೆ ಸರ್.’ ‘ಅದನ್ನು ಬರಿ.’ ಮೂರು ಸಲ ಬರೆಸಿದರು. ಮೂರನೆಯದನ್ನೂ ಗೋಡೆಗೆ ಹಚ್ಚಲಿಲ್ಲ. ಆ ಸಿಟ್ಟು ಇನ್ನೂ ಇದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಇನ್ನು ‘ರೂಪಾಂತರ’. ‘ಪೆನಿಸಿಲಿನ್ ಜೈವಿಕ ರೂಪಾಂತರಕ್ಕೆ ಒಳಪಡುತ್ತದೆ’ ಅಂದಿರಿ. ಯಾವುದು ಹೋಗಿ ಯಾವುದು ಬಂತು? ಹೇಳಲೇ ಇಲ್ಲ. ಮಜಾ ಇರುವುದೇ ಅಲ್ಲಿ, ಅಲ್ವಾ? ಬೂಷ್ಟು ಕೊಡುವ ಪೆನಿಸಿಲಿನ್ ಜಿ ಹೊಟ್ಟೆಯ ಆಮ್ಲಕ್ಕೆ ತಡೆಯುವುದಿಲ್ಲ. ಅದಕ್ಕೇ ಹೆಚ್ಚಾಗಿ ಇಂಜೆಕ್ಷನ್. ನುಂಗುವ ಮದ್ದು ಮಾಡಬೇಕಾದರೆ ಅದರ ಬಾಲ, ಅಂದರೆ ಅಣುವಿನ ಪಕ್ಕಕ್ಕೆ ಅಂಟಿದ ತುಂಡು, ಕತ್ತರಿಸಬೇಕು. ಅದಕ್ಕೆ ಒಂದು ಕಿಣ್ವ ಬೇಕು. ಆ ಕತ್ತರಿ ಸಿಗುವುದು ಇ. ಕೋಲಿಯಲ್ಲಿ. ನಮ್ಮ ಕರುಳಿನಲ್ಲೇ ಇರುವ ಬ್ಯಾಕ್ಟೀರಿಯಾ ಅದು! ಬಾಲ ಹೋದ ಮೇಲೆ ಉಳಿಯುವ ತುಂಡಿಗೆ 6-ಎಪಿಎ ಅಂತ ಹೆಸರು. ಅದಕ್ಕೆ ಬೇರೆ ಬಾಲ ಜೋಡಿಸಿದರೆ ಅಮಾಕ್ಸಿಸಿಲಿನ್. ಕ್ಯಾಪ್ಸೂಲ್ ನುಂಗಿ ನೀರು ಕುಡಿದರೆ ಆಯಿತು.

ಕಾಂಪ್ಯಾಕ್ಟಿನ್ ವಿಷಯವನ್ನೂ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಜಪಾನಿನ ಅಕಿರಾ ಎಂಡೊ ಅದನ್ನು ಪತ್ತೆ ಮಾಡಿದ್ದು ಪೆನಿಸಿಲಿಯಂ ಸಿಟ್ರಿನಂ ಎಂಬ ಬೂಷ್ಟಿನಲ್ಲಿ. ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಅದಕ್ಕೆ ಒಂದೇ ಒಂದು ಆಮ್ಲಜನಕದ ಪರಮಾಣು ಸಿಕ್ಕಿಸುತ್ತದೆ, ಕೊಲೆಸ್ಟ್ರಾಲ್ ಇಳಿಸುವ ಪ್ರವಾಸ್ಟಾಟಿನ್‌ಗೆ ದಾರಿಯಾಗುತ್ತದೆ. ನಮ್ಮ ಓದುಗರಲ್ಲಿ ಕೊಲೆಸ್ಟ್ರಾಲ್ ಮಾತ್ರೆಯವರೇ ಜಾಸ್ತಿ. ಅವರನ್ನು ಹಿಡಿದು ಕೂರಿಸುವ ಜಾಗ ಇದು.

ಮತ್ತೆ, ನೀವು ಬರೆದ ಹಾಗೆ ಹ್ಯಾಮೈಸಿನ್ ಬಂದದ್ದು ಶಿಲೀಂಧ್ರದಿಂದ ಅಲ್ಲ, ಅದು ಶಿಲೀಂಧ್ರವನ್ನು ಕೊಲ್ಲುವ ಮದ್ದು. ಅದನ್ನು ಕೊಟ್ಟದ್ದು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ಬೂಷ್ಟಿನ ಹಾಗೆ ಎಳೆ ಬಿಟ್ಟರೂ ಅದು ಬ್ಯಾಕ್ಟೀರಿಯಾನೇ. ಪಿಂಪರಿಯ ಹಿಂದುಸ್ತಾನ್ ಆಂಟಿಬಯಾಟಿಕ್ಸ್‌ನಲ್ಲಿ ಅದನ್ನು ಕಂಡುಹಿಡಿದವರಲ್ಲಿ ನಮ್ಮ ಮೈಸೂರು ಸೀಮೆಯ ಎಂ. ಜೆ. ತಿರುಮಲಾಚಾರ್ ಒಬ್ಬರು. ನಿಮ್ಮೂರಿನ ಹೆಸರು ಹೊತ್ತ ಜೀವಿ, ನಿಮ್ಮ ಕಣ್ಣಿಗೇ ಬೀಳಲಿಲ್ಲ!

ಉಂಗುರದಿಂದ ಶುರು ಮಾಡಿ ಇನ್ನೊಮ್ಮೆ ಬರೆಯಿರಿ. ದೀಪಾವಳಿ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿದ್ದೇನೆ. ನಾಲ್ಕು ಕಳಿಸಬೇಡಿ.